ಅಮಾವಾಸ್ಯೆ ಕಳೆದರೆ ಕೈಕೊಡುತ್ತಿದ್ದ ಪಿಕಪ್

ನನ್ನ ಎರಡನೆಯ ಮಗ ಸತ್ತದ್ದು ಹಲಸೂರಿನ ಸಿಗ್ನಲ್ಲಿನಲ್ಲಿ, ಪಿಕಪ್ಪಿನ ಸ್ಟೇರಿಂಗ್ ಹಿಡಿದುಕೊಂಡೇ. ಕೆಂಪು ದೀಪ ಹೋಗಿ ಹಸಿರು ಬಂದರೂ ಗಾಡಿ ಕದಲಲಿಲ್ಲವಂತೆ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಬೈಯೋಣವೆಂದು ಇಳಿದು ಬಂದು ಬಾಗಿಲು ತೆಗೆದರೆ, ಅವನ ಹೃದಯ ನಿಂತುಹೋಗಿತ್ತು. ಇಂಜಿನ್ ಮಾತ್ರ ಓಡುತ್ತಲೇ ಇತ್ತು. ಗಾಡಿಯ ಹಿಂದೆ ಯಾರದೋ ಮದುವೆಗೆ ಹೊರಟ ಕುರ್ಚಿಗಳಿದ್ದವು. ಆ ಮದುವೆಯವರು ನಮ್ಮ ಮನೆಗೆ ಫೋನ್ ಮಾಡಿ ಕೇಳಿದ ಮೊದಲ ಮಾತು, "ಹಂಗಾದ್ರೆ ಕುರ್ಚಿ ಯಾರು ತರ್ತಾರೆ?" ಎಂದು. ನಾನು ಅವರನ್ನು ಬೈಯಲಿಲ್ಲ. ಮದುವೆಗೆ ಬಂದವರು ನಿಂತುಕೊಂಡು ಉಣ್ಣಲಾಗುತ್ತದೆಯೇ?

ನಮ್ಮದು ದೊಡ್ಡನೆಕ್ಕುಂದಿ ಪಕ್ಕದ ಹಳೆಯ ಊರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಅವುಗಳನ್ನು ನೋಡಿಕೊಳ್ಳುವವನು ಹಿರಿಯ ಮಗ. ಎರಡನೆಯವನಿಗೆ ಕೂತು ತಿನ್ನುವುದು ಒಗ್ಗದೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಕೆಲಸ ಹಿಡಿದಿದ್ದ. ಪಿಕಪ್ ಅವನ ದುಡಿಮೆಯದು. ಆದರೆ ಕೊಳ್ಳುವಾಗ ಸಾಲ ಕೊಟ್ಟ ಬ್ಯಾಂಕಿನವರು ಜಮೀನಿನ ಕಾಗದ ಇದ್ದವರ ಹೆಸರೇ ಬೇಕೆಂದು ಹೇಳಿದ್ದರಿಂದ ಗಾಡಿ ಅಣ್ಣನ ಹೆಸರಿನಲ್ಲಿ ನಿಂತುಬಿಟ್ಟಿತು. ಅಣ್ಣತಮ್ಮಂದಿರಲ್ಲವೇ, ಯಾರ ಹೆಸರಾದರೇನು ಎಂದು ಆಗ ಎಲ್ಲರೂ ನಕ್ಕಿದ್ದೆವು.

ಸೂತಕ ಕಳೆದ ಮೇಲೆ ಎರಡನೆಯ ಸೊಸೆ ತವರಿಗೆ ಹೋಗುತ್ತಾಳೆಂದು ಮನೆಯವರೆಲ್ಲ ಕಾದರು. ಮಕ್ಕಳಿಲ್ಲ, ಇಲ್ಲೇನು ಕೆಲಸ ಎಂದು ಹಿರಿಯ ಸೊಸೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ ಕುಕ್ಕಿ ಹೇಳಿದಳು. ಇವಳು ಹೋಗಲಿಲ್ಲ. ಲೇಔಟಿನ ಖಾಲಿ ಸೈಟುಗಳ ನಡುವೆ ಪಿಕಪ್ ಓಡಿಸುವುದನ್ನು ಕಲಿತು, ಲೈಸೆನ್ಸ್ ಮಾಡಿಸಿಕೊಂಡು, ಗಂಡನ ಫೋನನ್ನೇ ಇಟ್ಟುಕೊಂಡು, ಗಂಡನ ಗಿರಾಕಿಗಳಿಗೇ ಕುರ್ಚಿ ಹೊತ್ತಳು. ಆ ಫೋನ್ ನಂಬರು ಗಾಡಿಯ ಮೇಲೆ ದೊಡ್ಡದಾಗಿ ಬರೆದಿದ್ದರಿಂದ ಅದನ್ನು ಬದಲಾಯಿಸುವಂತಿರಲಿಲ್ಲ.

ಹಿರಿಯವನು ಜಗಲಿಯ ಮೇಲೆ ಕಾಲುಮೇಲೆ ಕಾಲು ಹಾಕಿಕೊಂಡು ಅವಳಿಗೆ ಹೇಳಿದ:

"ಓಡ್ಸಮ್ಮಾ, ಬೇಡ ಅನ್ನಲ್ಲ. ಆದ್ರೆ ಗಾಡಿ ನನ್ನ ಹೆಸರಲ್ಲಿದೆ. ಪದೇ ಪದೇ ರೋಡಲ್ಲಿ ನಿಂತು ನಮ್ಮ ಮನೆ ಮಾನ ಕಳೀತು ಅಂದ್ರೆ ಮಾರ್ಬಿಡ್ತೀನಿ. ಆಮೇಲೆ ನಿಮ್ಮಮ್ಮನ ಮನೆ ದಾರಿ ನಿಂಗೆ ಗೊತ್ತಲ್ಲ."

"ಗೊತ್ತು ಭಾವ. ಗಾಡಿ ಇದ್ರೆ ಗಾಡೀಲೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದಳು ಅವಳು.

ನನಗೆ ಆ ಉತ್ತರ ಬಹಳ ಹಿಡಿಸಿತು. ಮಾರನೆಯ ದಿನದಿಂದ ನಾನೂ ಪಿಕಪ್ಪಿನ ಪಕ್ಕದ ಸೀಟು ಹತ್ತಿದೆ. ಮನೆಯಲ್ಲಿ ಕೂತರೆ ಹಿರಿಯ ಸೊಸೆಯ ಸೀರಿಯಲ್ ನೋಡಬೇಕು. ಇಲ್ಲಿ ಕೂತರೆ ದಿನಕ್ಕೊಬ್ಬರ ಮನೆಯ ಮದುವೆ, ನಾಮಕರಣ, ತಿಥಿ, ಜಗಳ. ಕುರ್ಚಿ ಇಳಿಸುವವರು ಇಳಿಸುವ ತನಕ ಅವಳು ನನಗೆ ಫೋನಿನಲ್ಲಿ ಕನ್ನಡ ಅಕ್ಷರ ಒತ್ತುವುದನ್ನು ಹೇಳಿಕೊಟ್ಟಳು. ಮನೆಯಲ್ಲಿ ಈ ಸಂಗತಿ ಯಾರಿಗೂ ಹೇಳಬೇಡ ಎಂದಿದ್ದೆ. ಮುದುಕಿಗೆ ಏನು ಗೊತ್ತಿದೆ ಎಂದು ಜನಕ್ಕೆ ತಿಳಿಯದಿದ್ದರೆ ಮುದುಕಿಯ ಮುಂದೆ ಬಾಯಿ ಬಿಡುತ್ತಾರೆ.

ಗಾಡಿ ಕೈಕೊಡಲು ಶುರುವಾದದ್ದು ಮಗನ ವರ್ಷಾಬ್ದಿಕ ಕಳೆದ ಮೇಲೆ. ಚೆನ್ನಾಗಿ ಓಡುತ್ತಿದ್ದ ಗಾಡಿಯಲ್ಲಿ ಇದ್ದಕ್ಕಿದ್ದಂತೆ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ಳುವುದು. ಆಮೇಲೆ ಎಷ್ಟು ಒತ್ತಿದರೂ ರೇಸ್ ತೆಗೆದುಕೊಳ್ಳುವುದಿಲ್ಲ. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗುತ್ತಿದ್ದರು. ಆಫ್ ಮಾಡಿ, ಸ್ವಲ್ಪ ಬಿಟ್ಟು ಸೆಲ್ಫ್ ಹೊಡೆದರೆ ಒಮ್ಮೊಮ್ಮೆ ಸರಿಹೋಗುತ್ತದೆ, ಒಮ್ಮೊಮ್ಮೆ ಇಲ್ಲ.

ಒಂದು ಸಲ ಇಂದಿರಾನಗರದ ಒಂದು ಸೀಮಂತಕ್ಕೆ ಹೊರಟಿದ್ದೆವು. ಟಿನ್ ಫ್ಯಾಕ್ಟರಿ ಹತ್ತಿರ, ಎಲ್ಲ ಬಸ್ಸುಗಳೂ ಬಂದು ಸಿಕ್ಕಿಹಾಕಿಕೊಳ್ಳುವ ಜಾಗದಲ್ಲಿಯೇ ದೀಪ ಹತ್ತಿತು. ಅವಳು ಪೆಡಲ್ಲನ್ನು ನೆಲಕ್ಕೆ ಒತ್ತಿದಳು. ಗಾಡಿ ಕೆಮ್ಮುವ ಮುದುಕನ ಹಾಗೆ ತೆವಳಿತು. ಹಿಂದಿನಿಂದ ಒಬ್ಬ ಆಟೋದವನು ಪಕ್ಕಕ್ಕೆ ಬಂದು ಕತ್ತು ಹೊರಗೆ ಹಾಕಿದ.

"ಏನಮ್ಮಾ, ಮೆರವಣಿಗೆನಾ? ಹೂವಿನ ಹಾರ ಎಲ್ಲಿ?"

"ನಿಂಗೇ ಇಟ್ಟಿದೀನಿ ಬಾ, ನಾಲ್ಕು ಜನಾನೂ ಕರ್ಕೊಂಡು ಬಾ, ಹೊರೋದಕ್ಕೆ ಬೇಕು" ಎಂದೆ ನಾನು.

ಅವನು ಬೈದುಕೊಂಡು ಹೋದ. ಅವಳು ನಗಲಿಲ್ಲ. ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು. ನನ್ನ ಮಗ ಕೊನೆಗೆ ಕೂತದ್ದೂ ಆ ಸೀಟಿನಲ್ಲಿಯೇ. "ಏಳೇ, ಏಳು, ಆಮೇಲೆ ನಿನ್ನ ಕುರ್ಚಿ ಯಾರು ಹೊರ್ತಾರೆ" ಎಂದು ತೋಳು ಚಿವುಟಿದೆ.

ನಾವು ತಲುಪುವ ಹೊತ್ತಿಗೆ ಬಸುರಿ ಹೆಂಗಸು ಮನೆಯೊಳಗಿನ ಸೋಫಾದಲ್ಲಿ ಆರತಿ ಮಾಡಿಸಿಕೊಂಡು ಮುಗಿಸಿದ್ದಳು. ಅವಳ ಅತ್ತೆ ನನ್ನ ಸೊಸೆಯನ್ನು ತಲೆಯಿಂದ ಕಾಲಿನ ತನಕ ನೋಡಿ, ಬರಿ ಹಣೆಯನ್ನು ಇನ್ನೊಮ್ಮೆ ನೋಡಿ, "ಶುಭಕಾರ್ಯಕ್ಕೆ ಇಂಥವರನ್ನ ಕಳಿಸ್ತಾರಾ? ಬರ್ದೇ ಇದ್ದಿದ್ದೇ ಒಳ್ಳೇದಾಯ್ತು ಬಿಡಿ" ಎಂದಳು. ಕುರ್ಚಿಗಳನ್ನು ಇಳಿಸಲೇ ಇಲ್ಲ.

ಕೆ.ಆರ್. ಪುರದ ಗ್ಯಾರೇಜಿನವನು ಸ್ಕ್ಯಾನರ್ ಹಚ್ಚಿ ನೋಡಿದ. ಡೀಸೆಲ್ಲಿನ ಒತ್ತಡ ಅಳೆಯುವ ಸೆನ್ಸರ್ ಹೋಗಿದೆ ಎಂದು ಸ್ಕ್ಯಾನರ್ ಹೇಳಿತು. ಹೊಸದು ಹಾಕಿದ. ಒಂದಿಷ್ಟು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಈ ಸಲ ಆಕ್ಸಿಲರೇಟರ್ ಪೆಡಲ್ಲಿನ ಸೆನ್ಸರ್ ಹೋಗಿದೆ ಎಂದಿತು ಸ್ಕ್ಯಾನರ್. ಅದನ್ನೂ ಹೊಸದು ಹಾಕಿದ. ಮತ್ತೆ ಒಂದಿಷ್ಟು ದಿನ ಚೆನ್ನಾಗಿತ್ತು. ಮೂರನೆಯ ಸಲ ಹೋದಾಗ ಸ್ಕ್ಯಾನರ್ ಎರಡು ಸೆನ್ಸರುಗಳನ್ನೂ ಒಟ್ಟಿಗೇ ದೂರಿತು. ಅವನು, "ಅಕ್ಕಾ, ನೀವು ಕಾಲು ಇಡೋ ರೀತೀಲೇ ಏನೋ ಇದೆ" ಎಂದ.

ಮನೆಯಲ್ಲಿ ಹಿರಿಯವನಿಗೆ ಇದು ಹಬ್ಬದೂಟ. ಗಾಡಿ ಕೈಕೊಡುವುದು ಅಮಾವಾಸ್ಯೆ ಕಳೆದ ಮೇಲೆಯೇ ಎಂದು ಮೊದಲು ಕಂಡುಹಿಡಿದವನೂ ಅವನೇ.

"ನೋಡಮ್ಮಾ, ಅಮಾವಾಸ್ಯೆ ಆದ್ ಕೂಡ್ಲೇ ನಿಲ್ಲತ್ತೆ. ನಾನು ಪ್ರತಿ ಅಮಾವಾಸ್ಯೆ ಬಾನೆಟ್ ತೆಗ್ದು ಇಂಜಿನ್‌ಗೇ ಕರ್ಪೂರ ಬೆಳಗ್ತೀನಿ. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ. ಏನು ಕಮ್ಮಿ ಮಾಡಿದೀನಿ? ಓಡ್ಸೋರ ಕಾಲ್ಗುಣ ಸರಿ ಇಲ್ದಿದ್ರೆ ದೇವ್ರಾದ್ರೂ ಏನ್ ಮಾಡ್ತಾನೆ?"

"ನಿಂಗೆ ಅಷ್ಟು ಭಕ್ತಿ ಇದ್ರೆ ಒಂದ್ಸಲ ನೀನೇ ಕೂತ್ಕೊಂಡು ಓಡ್ಸೋ" ಎಂದೆ.

ಅವನ ಮುಖ ಒಂದು ಥರ ಆಯಿತು. ತಮ್ಮ ಸತ್ತ ಮೇಲೆ ಅವನು ಆ ಗಾಡಿಯ ಒಳಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಇಂಜಿನ್ನಿಗೆ ಪೂಜೆ ಮಾಡುತ್ತಿದ್ದ, ಸೀಟು ಮುಟ್ಟುತ್ತಿರಲಿಲ್ಲ. "ನಂಗೆ ಅದೆಲ್ಲ ಭಯ ಇಲ್ಲ" ಎಂದು ಎದ್ದು ಹೋದ. ಭಯದ ಮಾತನ್ನು ನಾನು ಎತ್ತಿರಲೇ ಇಲ್ಲ.

ಮುಂದಿನ ಅಮಾವಾಸ್ಯೆ ಕಳೆದ ಮಾರನೆಯ ದಿನ ಗಾಡಿ ನಮ್ಮ ಗೇಟಿನಲ್ಲಿಯೇ ಕೆಮ್ಮಿತು. ಹಿರಿಯವನು ಎಲ್ಲರ ಮುಂದೆ ಹೇಳಿದ: "ಮುಗೀತು. ಭಾನುವಾರ ಪಾರ್ಟಿ ಬರ್ತಾರೆ ಗಾಡಿ ನೋಡೋಕೆ. ಅಷ್ಟರಲ್ಲಿ ಸರಿ ಮಾಡ್ಸಿದ್ರೆ ಮಾಡ್ಸು, ಇಲ್ಲಾಂದ್ರೆ ಬಟ್ಟೆ ಕಟ್ಕೋ."

ನಾವು ಆ ಕೆಮ್ಮುವ ಗಾಡಿಯಲ್ಲೇ ಸಿ.ವಿ. ರಾಮನ್ ನಗರದ ಒಳದಾರಿ ಹಿಡಿದು, ಹಲಸೂರು ದಾಟಿ, ಶಿವಾಜಿನಗರಕ್ಕೆ ತೆವಳಿದೆವು. ಅಲ್ಲಿ ಗುಜರಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಗಾಡಿಗಳ ವೈರಿಂಗ್ ಮಾಡುವವನೊಬ್ಬನಿದ್ದ. ಗಡ್ಡಕ್ಕೆ ಮೆಹಂದಿ, ಬಾಯಿಗೆ ಪಾನ್, ತಾನಿಲ್ಲದಿದ್ದರೆ ಬೆಂಗಳೂರಿನ ಗಾಡಿಗಳೆಲ್ಲ ನಿಂತುಹೋಗುತ್ತವೆ ಎಂಬ ಗತ್ತು. ಹೆಂಗಸರು ಬಂದಿದ್ದಾರೆಂದು ನೋಡಿ ಬೇಕೆಂದೇ ನಮ್ಮನ್ನು ಬಹಳ ಹೊತ್ತು ಕಾಯಿಸಿದ.

"ಏನೇನ್ ಬದ್ಲಾಯ್ಸಿದೀರಿ?"

ಸೊಸೆ ಎರಡು ಸೆನ್ಸರುಗಳ ವಿಷಯ ಹೇಳಿದಳು.

"ಹೊಸದು ಹಾಕಿದ್ಮೇಲೂ ಅದೇ ಕಂಪ್ಲೇಂಟಾ? ಅರೆ, ಹಂಗಾದ್ರೆ ಕಂಪ್ಯೂಟರ್ ಡಬ್ಬಾನೇ ಖಲಾಸ್. ಗಾಡಿ ಬಿಟ್ಟು ಹೋಗಿ, ಹದಿನೈದು ದಿನ ಬಿಟ್ಟು ಬನ್ನಿ."

"ಡಬ್ಬ ಹೋಗಿದ್ರೆ ಯಾವಾಗ್ಲೂ ಹೋಗ್ಬೇಕಲ್ಲಾ ಭಾಯ್? ಅಮಾವಾಸ್ಯೆ ಆದ್ಮೇಲೆ ಮಾತ್ರ ಯಾಕೆ ಹೋಗತ್ತೆ?"

"ಅಮಾವಾಸ್ಯೆ? ಹೌ? ಹಂಗಾದ್ರೆ ದರ್ಗಾಕ್ಕೆ ಹೋಗಮ್ಮಾ. ಇಲ್ಲಿ ಯಾಕ್ ಬಂದೆ?"

ಎದುರಿನ ಟೀ ಅಂಗಡಿಯವರೆಲ್ಲ ನಕ್ಕರು. ಅವನಿಗೆ ಬಹಳ ಖುಷಿಯಾಗಿ ಇನ್ನೊಂದು ಸಲ ಅದನ್ನೇ ದಖ್ಖನಿ ಉರ್ದುವಿನಲ್ಲಿ ಹೇಳಿ ನಗಿಸಿದ. ಸೊಸೆ ನಗು ನಿಲ್ಲುವ ತನಕ ಕಾದಳು.

"ನಕ್ಕಿದ್ದಾಯ್ತಾ? ಈಗ ಕೇಳಿ. ಪೆಡಲ್ ಇರೋದು ಕಾಲ ಹತ್ರ. ಡೀಸೆಲ್ ಸೆನ್ಸರ್ ಇರೋದು ಇಂಜಿನ್ ಮೇಲೆ. ಎರಡೂ ಒಂದೇ ಗಳಿಗೇಲಿ ಸಾಯ್ತವೆ, ಆಫ್ ಮಾಡಿದ್ರೆ ಒಂದೇ ಗಳಿಗೇಲಿ ಎದ್ದು ಕೂರ್ತವೆ. ಎರಡಕ್ಕೂ ಕರೆಂಟ್ ಕಮ್ಮಿ ಅಂತಾನೇ ಸ್ಕ್ಯಾನರ್ ಹೇಳತ್ತೆ. ಇಬ್ರೂ ಮಾತಾಡ್ಕೊಂಡು ಸಾಯ್ತಾರಾ?"

ಅವನು ಪಾನ್ ಉಗಿದ. ಅವಳ ಮುಖ ನೋಡಿದ. ಆಮೇಲೆ ಒಳಗೆ ಹೋಗಿ ಮೀಟರ್ ತಂದ. ಬಾನೆಟ್ ತೆಗೆಯುತ್ತಾ, ಇದನ್ನೆಲ್ಲ ತಾನೇ ಹುಟ್ಟಿಸಿದವನ ಹಾಗೆ ನನಗೆ ಪಾಠ ಹೇಳಿದ. ಸೆನ್ಸರುಗಳಿಗೆ ಕಂಪ್ಯೂಟರ್ ಡಬ್ಬದಿಂದ ಐದು ವೋಲ್ಟ್ ಬರುತ್ತದೆ. ಈ ಗಾಡಿಯಲ್ಲಿ ಮೂರು ನಾಲ್ಕು ಸೆನ್ಸರಿಗೆ ಸೇರಿ ಒಂದೇ ಮೂಲದ ತಂತಿ. ಅದರಲ್ಲಿ ಒಬ್ಬ ಎಲ್ಲೋ ಇಂಜಿನ್ನಿನ ಕಬ್ಬಿಣಕ್ಕೆ ತಾಗಿಕೊಂಡರೆ ಎಲ್ಲರ ಐದು ವೋಲ್ಟೂ ಸೋರಿಹೋಗುತ್ತದೆ. ಆಗ ಸ್ಕ್ಯಾನರ್ ಯಾರು ಮೊದಲು ಕಿರುಚಿದರೋ ಅವರ ಹೆಸರು ಹೇಳುತ್ತದೆ. ಸೋರಿಸಿದವನು ಸುಮ್ಮನೆ ಕೂತಿರುತ್ತಾನೆ.

"ನಮ್ಮನೇಲೂ ಹಿಂಗೇ" ಎಂದೆ.

"ಎಲ್ಲಾರ್ ಮನೇಲೂ ಹಿಂಗೇ ಅಮ್ಮಾ. ಸುಮ್ನೆ ಕೂತಿದೀಯಲ್ಲ, ಈ ಮೀಟರ್ ಹಿಡ್ಕೋ. ನಂಬರ್ ಬದ್ಲಾದ್ರೆ ಕೂಗು."

ಮೀಟರಿನ ಒಂದು ಮುಳ್ಳನ್ನು ಸೆನ್ಸರಿನ ತಂತಿಗೂ ಇನ್ನೊಂದನ್ನು ಇಂಜಿನ್ನಿಗೂ ಹಚ್ಚಿದ. ನಾನು ಓದಿದೆ: ಎರಡೂ ಇಲ್ಲ, ಒಂದೂವರೆ. ಐದು ಇರಬೇಕಾದ ಕಡೆ ಒಂದೂವರೆ. ಅವನು ಒಂದೊಂದೇ ಸೆನ್ಸರಿಗೆ ತಂತಿ ಸಿಕ್ಕಿಸಿದ್ದ ಕಪ್ಲರ್ ಕಿತ್ತು, "ಈಗ?" ಎಂದು ಕೇಳುತ್ತಾ ಹೋದ. ಕೆಟ್ಟ ಸೆನ್ಸರಿನ ಕಪ್ಲರ್ ಕಿತ್ತ ಕೂಡಲೇ ಐದು ವಾಪಸ್ ಬರಬೇಕಂತೆ.

"ಈಗ?"

"ಒಂದೂವರೆ."

"ಈಗ?"

"ಐದು!" ಎಂದೆ.

ಅವನು ಕುಣಿದುಕೊಂಡು ಬಂದು ನೋಡಿದರೆ ಒಂದೂವರೆಯೇ ಇತ್ತು. ದರ್ಗಾದ ಮಾತಿಗೆ ಅಷ್ಟಾದರೂ ಆಗಬೇಡವೇ? "ಏನ್ ಅಮ್ಮಾ, ತಮಾಷೆನಾ? ನಕ್ಕೋ, ಬೇಡ ಹಂಗೆಲ್ಲಾ!" ಎಂದು ಕೂಗಾಡಿದ. ಟೀ ಅಂಗಡಿಯವರು ಈ ಸಲ ಅವನನ್ನು ನೋಡಿ ನಕ್ಕರು.

ಎಲ್ಲ ಕಪ್ಲರುಗಳನ್ನೂ ಕಿತ್ತರೂ ಮೀಟರ್ ಏಳಲಿಲ್ಲ. ಹಾಗಾದರೆ ಸೆನ್ಸರುಗಳದ್ದು ಯಾವುದೂ ತಪ್ಪಿಲ್ಲ, ತಂತಿಯದೇ ದೋಷ ಎಂದ. ತಂತಿಯ ಗೊಂಚಲನ್ನು ಹಿಡಿದು ಅಲ್ಲಾಡಿಸುತ್ತಾ ಹೋದ. ಗಾಳಿ ಎಳೆಯುವ ದಪ್ಪ ಪೈಪಿನ ಹಿಂದೆ, ಕಣ್ಣಿಗೆ ಕಾಣದ ಮೂಲೆಗೆ ಕೈ ತೂರಿಸಿದಾಗ ಮೀಟರ್ ಒಮ್ಮೆ ಐದಕ್ಕೆ ಹಾರಿ ಮತ್ತೆ ಬಿತ್ತು. "ಹಾರ್ತು!" ಎಂದು ನಾನು ಕೂಗುವುದಕ್ಕೂ, ಅವನು ಕೈ ಹಿಂದಕ್ಕೆ ಎಳೆದುಕೊಳ್ಳುವುದಕ್ಕೂ ಸರಿಹೋಯಿತು.

"ಛೀ! ಇಲಿ ಸತ್ತಿದೆ ಒಳಗೆ. ಮೆತ್ತಗಿದೆ."

ಟಾರ್ಚ್ ಬಿಟ್ಟು ನೋಡಿದ. ಇಲಿಯಲ್ಲ. ಬಟ್ಟೆಯ ಗಂಟು. ಅರಿಶಿನ ಕುಂಕುಮ ಬಳಿದ ಬಟ್ಟೆಯೊಳಗೆ ನಿಂಬೆಹಣ್ಣುಗಳು: ಕೆಳಗಿನವು ಇಂಜಿನ್ ಕಾವಿಗೆ ಒಣಗಿ ಕರಿ ಕಲ್ಲಾಗಿದ್ದವು, ಮೇಲಿನದು ಇನ್ನೂ ಹಸಿ, ರಸ ಸುರಿಯುತ್ತಿತ್ತು. ಗಂಟನ್ನು ಕಂಬಿ ಕಟ್ಟುವ ಬೈಂಡಿಂಗ್ ವೈರಿನಿಂದ ತಂತಿಯ ಗೊಂಚಲಿಗೇ ಬಿಗಿದಿದ್ದರು. ಹೊಸ ಹಣ್ಣು ಸೇರಿಸಿದಾಗಲೆಲ್ಲ ಆ ವೈರನ್ನು ತಿರುಚಿ ತಿರುಚಿ ಇನ್ನಷ್ಟು ಬಿಗಿದಿದ್ದಾರೆ. ಅದು ತಂತಿಯ ಚರ್ಮ ಸೀಳಿ ತಾಮ್ರಕ್ಕೆ ಮುಟ್ಟಿದೆ. ಅದರ ಇನ್ನೊಂದು ತುದಿ ಇಂಜಿನ್ನಿಗೆ ತಾಗಿದೆ. ಹಣ್ಣು ಹಸಿಯಾಗಿ ಭಾರವಿದ್ದಾಗ ಗಂಟು ಜೋತು ತಾಗುತ್ತದೆ, ಒಣಗಿ ಹಗುರಾದ ಮೇಲೆ ಬಿಡುತ್ತದೆ. ಅಮಾವಾಸ್ಯೆಯ ಗುಟ್ಟು ಇಷ್ಟೇ.

"ತೌಬಾ! ನಾನು ಇದನ್ನ ಮುಟ್ಟಲ್ಲ" ಎಂದು ಅವನು ದೂರ ನಿಂತುಬಿಟ್ಟ. ನಗುತ್ತಿದ್ದ ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಹಿಂದೆ ಸರಿದರು.

ಸೊಸೆ ಅವನ ಕೈಯಿಂದ ಕಟಿಂಗ್ ಪ್ಲೇಯರ್ ಕಿತ್ತುಕೊಂಡು, ಮೊಣಕೈ ತನಕ ಕೈ ತೂರಿಸಿ ವೈರ್ ಕತ್ತರಿಸಿದಳು. ಗಂಟು ಅವಳ ಅಂಗೈಗೆ ಬಿತ್ತು. ನನ್ನ ಕೈಯಲ್ಲಿದ್ದ ಮೀಟರ್ ಐದಕ್ಕೆ ಏರಿ ಅಲ್ಲಿಯೇ ನಿಂತಿತು. ಅವಳಿಗೆ ಅದು ಬೇಕಿರಲಿಲ್ಲ. ಅವಳು ಬಟ್ಟೆಯನ್ನೇ ನೋಡುತ್ತಿದ್ದಳು. ನೀಲಿ ಚೌಕಳಿ.

"ಅತ್ತೆ, ಇದು ಅವರ ಷರ್ಟು."

ಅಕಾಲದಲ್ಲಿ ಸತ್ತವರು ಮನೆಗೆ ಬಾರದಿರಲಿ ಎಂದು ಕಟ್ಟು ಕಟ್ಟಿಸುವವರು ನಮ್ಮ ಕಡೆ ಇದ್ದಾರೆ. ಸತ್ತವರು ತೊಟ್ಟ ಬಟ್ಟೆಯಲ್ಲಿ ಮಂತ್ರಿಸಿದ ನಿಂಬೆಹಣ್ಣು ಸುತ್ತಿ, ಪ್ರಾಣ ಬಿಟ್ಟ ಜಾಗದಲ್ಲಿ ಬಿಗಿಯುವುದು, ಅಮಾವಾಸ್ಯೆಗೊಮ್ಮೆ ಹೊಸ ಹಣ್ಣು ಇಡುವುದು. ನನ್ನ ಮಗ ಪ್ರಾಣ ಬಿಟ್ಟ ಜಾಗಕ್ಕೆ ನಾಲ್ಕು ಚಕ್ರ ಇದ್ದವು, ಅಷ್ಟೇ ವ್ಯತ್ಯಾಸ.

ಅವನ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟಿದ್ದೆವು. ಆ ಒಂದು ಷರ್ಟನ್ನು ನಾನು ನನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ಸೊಸೆಗೂ ಅದು ಗೊತ್ತಿತ್ತು. ಅವಳು ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ಹೇಗೆ ಹೇಳುವುದು? ಹಾವನ್ನು ಕೂಡ ಜನ ಹಾಗೆ ನೋಡುವುದಿಲ್ಲ.

"ನನ್ನನ್ನ ಯಾಕೆ ಹಂಗೆ ನೋಡ್ತೀಯೇ? ಟ್ರಂಕು ನಿಮ್ ಭಾವನ ರೂಮಲ್ಲಲ್ವೇನೇ ಇರೋದು? ಬೀಗದ ಕೈ ಯಾರ ಉಡದಾರದಲ್ಲಿದೆ? ಬಾನೆಟ್ ತೆಗ್ದು ಕರ್ಪೂರ ಬೆಳಗೋರು ಯಾರು?"

ಅವಳು ಗಂಟನ್ನು ಮುಷ್ಟಿಯಲ್ಲಿ ಹಿಂಡಿದಳು. ರಸ ಮೊಣಕೈಗೆ ಇಳಿಯಿತು.

"ನಾನು ಭಾವನ್ನ ಕೇಳ್ತೀನಿ."

"ಕೇಳು. ನೀನೇ ಮಾಟ ಮಾಡ್ಸಿದೀಯ ಅಂತಾನೆ. ಶಿವಾಜಿನಗರದಲ್ಲಿ ಮಾಡ್ಸಿದಾಳೆ ಅಂತ ಊರಿಗೆಲ್ಲ ಹೇಳ್ತಾನೆ. ಭಾನುವಾರ ಗಾಡೀನೂ ಹೋಗತ್ತೆ, ನೀನೂ ಹೋಗ್ತೀಯ. ಬಾಯಿ ಮುಚ್ಕೊಂಡು ಟೇಪ್ ತರೋಕ್ ಹೋಗು. ಇವನ ಹತ್ರ ಇರೋದು ಹಳಸಿದ ಟೇಪು."

ಅವಳು ಹೋದಳು. ಫೋನ್ ಗಾಡಿಯ ಡ್ಯಾಶ್‌ಬೋರ್ಡಿನ ಮೇಲಿತ್ತು. ನನ್ನ ಮಗನ ಫೋನು, ಮಗನ ನಂಬರು. ಹಿರಿಯವನ ಫೋನಿನಲ್ಲಿ ಆ ನಂಬರಿನ ಪಕ್ಕ ಇವತ್ತಿಗೂ ತಮ್ಮನ ನಗುವ ಫೋಟೋ ಬರುತ್ತದೆ.

ಚಿಕ್ಕವರಿದ್ದಾಗ ಹಿರಿಯವನು ಒಂದು ಮಧ್ಯಾಹ್ನ ತಮ್ಮನನ್ನು ಕೋಳಿ ಮುಚ್ಚುವ ದೊಡ್ಡ ಬುಟ್ಟಿಯ ಕೆಳಗೆ ಹಾಕಿ, ಮೇಲೆ ತಾನು ಕೂತುಬಿಟ್ಟಿದ್ದ. "ಅಣ್ಣಾ ಬುಟ್ಟಿ ಎತ್ತೋ" ಎಂದು ಒಳಗಿನವನು ಕೂಗಿ ಕೂಗಿ ದನಿ ಇಂಗಿತ್ತು. ನಾನು ಬಂದು ಎತ್ತಿದಾಗ ಮಗುವಿನ ತುಟಿ ನೀಲಿಯಾಗಿತ್ತು. ಅಪ್ಪನಿಗೆ ಹೇಳಬೇಡ ಎಂದು ಹಿರಿಯವನು ಕಾಲು ಹಿಡಿದುಕೊಂಡ, ಹೇಳಲಿಲ್ಲ. ಈ ವಿಷಯ ಮೂವರಿಗೆ ಮಾತ್ರ ಗೊತ್ತು. ಒಬ್ಬ ಸತ್ತುಹೋಗಿದ್ದಾನೆ. ಇನ್ನೊಬ್ಬಳಿಗೆ ಫೋನಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟರೆ ಬೇರೇನೂ ಗೊತ್ತಿಲ್ಲ ಎಂದು ಮೂರನೆಯವನ ನಂಬಿಕೆ.

ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: "ಅಣ್ಣಾ ಬುಟ್ಟಿ ಎತ್ತಿದಾರೆ. ಮನೆಗೆ ಬರ್ತಾ ಇದೀನಿ."

ಹಿರಿಯವನಿಗೆ ಕಳಿಸಿ, ಫೋನನ್ನು ಇದ್ದ ಜಾಗದಲ್ಲಿಯೇ ಇಟ್ಟೆ.

ವಾಪಸ್ ಬರುವಾಗ ಗಾಡಿ ಕರುವಿನ ಹಾಗೆ ಓಡಿತು. ದೀಪ ಇಲ್ಲ, ಕೆಮ್ಮಿಲ್ಲ. ನಮ್ಮ ಗೇಟಿನೊಳಗೆ ಬಂದಾಗ ಹಿರಿಯವನು ಜಗಲಿಯ ಮೇಲೆ ಇರಲಿಲ್ಲ. ಕಿಟಕಿಯ ಸರಳು ಹಿಡಿದು ಒಳಗಿನಿಂದ ನೋಡುತ್ತಿದ್ದ. ಸೊಸೆ ಕೈಕಾಲು ತೊಳೆಯಲು ಹೋದ ಮೇಲೆ ಮೆಲ್ಲಗೆ ಹೊರಗೆ ಬಂದು, ಬಾನೆಟ್ ಎತ್ತಿ, ಪೈಪಿನ ಹಿಂದೆ ಕೈ ಹಾಕಿದ. ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಅಲ್ಲಿಯೇ ಬಿಟ್ಟು ಬಹಳ ಹೊತ್ತು ಹಾಗೆಯೇ ಬಗ್ಗಿ ನಿಂತಿದ್ದ.

ನಾನು ಹಿಂದಿನಿಂದ ಹೋದೆ. "ಏನ್ ಹುಡುಕ್ತಿದೀಯೋ?"

ಅವನು ತಲೆಯನ್ನು ಬಾನೆಟ್ಟಿಗೆ ಹೊಡೆದುಕೊಂಡ. "ಏನಿಲ್ಲಮ್ಮಾ. ಆಯಿಲ್."

"ಗಾಡಿ ಸರಿಹೋಯ್ತು ನೋಡು. ಆದ್ರೆ ಒಂದ್ ವಿಚಿತ್ರ. ದಾರೀಲಿ ಯಾರೋ ಹಿಂದಿನಿಂದ ನನ್ನ ಹೆಗಲು ಮುಟ್ಟಿದ ಹಾಗಾಯ್ತು. ಈ ಗಾಡಿ ಯಾರ ಹೆಸರಲ್ಲಿದ್ಯೋ ಅವರ ಹತ್ರ ಹೋಗೋಣ ಅಂದಂಗಾಯ್ತು. ವಯಸ್ಸಾಯ್ತಲ್ಲ, ಕಿವಿ ಏನೇನೋ ಹೇಳತ್ತೆ ಬಿಡು."

ಅವನು ಬಾನೆಟ್ ಹಾಕಿ ಒಳಗೆ ಹೋದ. ಮಧ್ಯಾಹ್ನ ಊಟಕ್ಕೆ ಕೂತವನು ಮುದ್ದೆ ಮುರಿದು ಹಾಗೆಯೇ ಬಿಟ್ಟು ಎದ್ದ. ಹೆಂಡತಿ ಕರೆದರೂ ತಿರುಗಲಿಲ್ಲ. ಸಂಜೆಗೆ ಜ್ವರ. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಪಕ್ಕದಲ್ಲಿಯೇ ಕೂತೆ, ತಾಯಿಯಲ್ಲವೇ. ಒದ್ದೆ ಬಟ್ಟೆ ತೆಗೆಯುವಾಗಲೆಲ್ಲ ಅಂಗಳದಲ್ಲಿದ್ದ ಪಿಕಪ್ಪಿನ ಕಡೆಗೆ ನೋಡಿ, ತಟ್ಟನೆ ಮುಖ ತಿರುಗಿಸುತ್ತಿದ್ದೆ. ಅವನು "ಏನಮ್ಮಾ? ಏನ್ ನೋಡಿದೆ?" ಎಂದು ಕೇಳುತ್ತಿದ್ದ. "ಏನಿಲ್ಲ, ಮಲ್ಕೋ" ಎನ್ನುತ್ತಿದ್ದೆ. ಇಷ್ಟು ಚೆನ್ನಾದ ಆರೈಕೆಯನ್ನು ನಾನು ಯಾರಿಗೂ ಮಾಡಿರಲಿಲ್ಲ.

ಭಾನುವಾರ ಗಾಡಿ ನೋಡುವವರು ಬಂದರು. ಅವನು ಗೇಟಿನಲ್ಲಿಯೇ ಅವರನ್ನು ವಾಪಸ್ ಕಳಿಸಿದ. ಸೋಮವಾರ ಜ್ವರದ ಮೈಯಲ್ಲೇ ಆರ್.ಟಿ.ಓ. ಕಚೇರಿಗೆ ಹೋಗಿ ಗಾಡಿಯನ್ನು ಅವಳ ಹೆಸರಿಗೆ ಮಾಡಿಸುವ ಕಾಗದಕ್ಕೆ ಸಹಿ ಹಾಕಿದ. ಅವಳಿಗೆ ಹೇಳಿದ್ದು ಇಷ್ಟೇ:

"ಗಾಡಿ ನಿಂದು. ನನ್ನ ಕಾಂಪೌಂಡಲ್ಲಿ ಮಾತ್ರ ನಿಲ್ಲಿಸ್ಬೇಡ."

ಅವಳಿಗೆ ಅರ್ಥವಾಗಲಿಲ್ಲ. ಭಾವನಿಗೆ ನಾಚಿಕೆಯಾಗಿದೆ ಎಂದುಕೊಂಡಳು. ನಾನೂ ತಿದ್ದಲಿಲ್ಲ. ಗಾಡಿಯನ್ನು ಬೀದಿಯ ತುದಿಯಲ್ಲಿ ನಿಲ್ಲಿಸುತ್ತಾ ಒಂದಷ್ಟು ದಿನ ನಾವಿಬ್ಬರೂ ರಾಣಿಯರ ಹಾಗೆ ತಿರುಗಿದೆವು. ಬೆನ್ಸನ್ ಟೌನಿನ ಒಂದು ಮದುವೆಗೆ ಹೋದಾಗ ಅವಳು ಹಾಡು ಗುನುಗುತ್ತಾ ಕುರ್ಚಿ ಜೋಡಿಸಿದಳು. ಗಂಡ ಸತ್ತ ಮೇಲೆ ಅವಳ ಬಾಯಲ್ಲಿ ಹಾಡು ಕೇಳಿದ್ದು ಅದೇ ಮೊದಲು.

ನನಗೆ ಒತ್ತುವುದನ್ನು ಕಲಿಸಿದ್ದಳು. ಅಳಿಸುವುದನ್ನು ಕಲಿಸಿರಲಿಲ್ಲ.

ಆ ದಿನ ಹಳೆಯ ಗಿರಾಕಿಯೊಬ್ಬರ ವಿಳಾಸ ಹುಡುಕುತ್ತಾ ಅವಳು ಫೋನಿನಲ್ಲಿ ಕೆಳಗೆ ಕೆಳಗೆ ಹೋದಳು. ಗಾಡಿ ನಿಂತಿತ್ತು. ನಾನು ಕಡ್ಲೇಕಾಯಿ ಬಿಡಿಸುತ್ತಿದ್ದೆ. ಅವಳು ಫೋನನ್ನು ನನ್ನ ಮಡಿಲಲ್ಲಿಟ್ಟಳು. ಅಣ್ಣತಮ್ಮಂದಿರ ಮಾತುಗಳಿದ್ದ ಪುಟ. ಮೇಲೆಲ್ಲ ಬದುಕಿದ್ದಾಗಿನವು: ಊಟಕ್ಕೆ ಕಾಯಬೇಡಿ, ಅಮ್ಮನ ಮಾತ್ರೆ ತಂದೆ, ಟ್ರಾಫಿಕ್ ಇದೆ. ಅದರ ಕೆಳಗೆ ನನ್ನದು. ಅದರ ಕೆಳಗೆ, ನಾನು ನೋಡಿರದ ಹಿರಿಯವನ ಉತ್ತರ:

"ಬರಬೇಡ ಕಣೋ. ಕೈ ಮುಗೀತೀನಿ. ಗಾಡಿ ಅವಳಿಗೇ ಕೊಡ್ತೀನಿ. ಬರಬೇಡ."

"ಇದು ನೀವೇ ತಾನೇ ಅತ್ತೆ?"

"ಹೌದು ಕಣೇ. ಇನ್ಯಾರು? ಗಾಡಿ ಬಂತೋ ಇಲ್ವೋ?"

"ಬಂತು."

"ಮತ್ತೆ? ನಗೇ ಒಂದ್ಸಲ. ಅವನ ಮುಖ ನೋಡಿದ್ದಿದ್ರೆ ನೀನು..."

"ಭಾವ ಅವರಿಗೆ ಬರಬೇಡ ಅಂದಿದಾರೆ" ಎಂದಳು. ದನಿ ಏರಲಿಲ್ಲ. "ನಾನು ದಿನಾ ಈ ಸೀಟಲ್ಲಿ ಕೂತ್ಕೊಂಡು, ಒಂದ್ಸಲ ಬರ್ಬಾರ್ದಾ ಅಂತ ಕೇಳ್ತೀನಿ. ಭಾವ ಕಟ್ಟಿ ಹಾಕಿದ್ರು. ನೀವು ಬಿಚ್ಚಿ, ದೆವ್ವ ಮಾಡಿ, ಕೆಲಸಕ್ಕೆ ಕಳಿಸಿದ್ರಿ. ಸತ್ತ ಮೇಲೂ ಅವರು ನಿಮ್ಮಿಬ್ಬರ ಕೈಯಾಳಾ?"

"ನಿಂಗೋಸ್ಕರ ಮಾಡಿದ್ದು ಕಣೇ."

"ನಂಗೋಸ್ಕರ ಒಂದಿಷ್ಟು ಮಾಡಿದ್ರಿ. ಮಿಕ್ಕಿದ್ದು ನಿಮ್ಗೆ ಮಜಾ ಬಂತು ಅಂತ ಮಾಡಿದ್ರಿ."

ಮಜಾ ಬಂದದ್ದು ನಿಜ. ಇವತ್ತೂ ಅವನು ಬಾನೆಟ್ಟಿಗೆ ತಲೆ ಹೊಡೆದುಕೊಂಡದ್ದು ನೆನಪಾದರೆ ಒಬ್ಬಳೇ ನಗುತ್ತೇನೆ. ಗಾಡಿ ಉಳಿಯಬೇಕಿತ್ತು, ಉಳಿಯಿತು. ಕೈಮುಗಿದು ನ್ಯಾಯ ಕೇಳಿದ್ದರೆ ಉಳಿಯುತ್ತಿತ್ತೇ?

ಅವಳು ಮರುದಿನ ಕುರ್ಚಿ, ಪಾತ್ರೆ, ಶಾಮಿಯಾನದ ಬಟ್ಟೆಗಳನ್ನೆಲ್ಲ ಹೇರಿಕೊಂಡು ಕೆ.ಆರ್. ಪುರದಲ್ಲಿ ಒಂದು ಶೆಡ್ ಹಿಡಿದು ಹೋದಳು. ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ಮುಖ ನೋಡಲಿಲ್ಲ. ಆ ನಂಬರಿಗೆ ನಾನು ಬರೆದದ್ದು ಯಾವುದಕ್ಕೂ ಉತ್ತರ ಬರುವುದಿಲ್ಲ. ತಪ್ಪಿಲ್ಲದೆ ಬರೆಯುವುದನ್ನು ಕಲಿತಿದ್ದೇನೆ, ಓದುವವರಿಲ್ಲ.

ಹಿರಿಯವನು ಈಗ ನನ್ನ ಮಾತಿಗೆ ಎದುರು ಹೇಳುವುದಿಲ್ಲ. ಬೆಳಿಗ್ಗೆ ಕಾಫಿ ತಂದುಕೊಟ್ಟು, ಹೆಂಡತಿಗೆ ಕೇಳಿಸದಂತೆ, "ಅಮ್ಮಾ, ಏನಾದ್ರೂ ಕೇಳ್ಸ್ತಾ?" ಎನ್ನುತ್ತಾನೆ. ಕಾಫಿಗೆ ಸಕ್ಕರೆ ಕಮ್ಮಿಯಿದ್ದರೆ, "ಗೇಟ್ ಹತ್ರ ಯಾರೋ ಕೆಮ್ಮಿದಂಗಾಯ್ತು" ಎನ್ನುತ್ತೇನೆ.

ಹೋದ ವಾರ ಕಣ್ಣಿನ ಆಸ್ಪತ್ರೆಗೆ ಹೋಗಿ, ಬೆನ್ನಿಗಾನಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಪಿಕಪ್ ಬಂತು. ಮೊದಲು ಶಬ್ದದಲ್ಲಿಯೇ ಗುರುತು ಹಿಡಿದೆ. ಮೇಲೆ ಬಾನೆತ್ತರಕ್ಕೆ ಕೆಂಪು ಕುರ್ಚಿ ಹೇರಿತ್ತು. ನಾನು ಕೈ ಎತ್ತಿದೆ, ಕೋಲನ್ನೂ ಎತ್ತಿದೆ. ಅವಳು ನೋಡಿದಳು, ಕಣ್ಣಿಗೆ ಡ್ರಾಪ್ಸ್ ಹಾಕಿದ್ದರೂ ಅಷ್ಟು ಕಾಣುತ್ತದೆ. ಪಕ್ಕದ ಸೀಟು ಖಾಲಿಯಿತ್ತು. ಗಾಡಿ ನನ್ನ ಮುಂದೆ ಹಾದು ಫ್ಲೈಓವರಿನ ಏರು ಹಿಡಿಯಿತು. ಅಷ್ಟು ಭಾರ ಹೊತ್ತು, ಗೇರ್ ಕೂಡ ಇಳಿಸದೆ, ಒಂದೇ ಉಸಿರಿಗೆ ಹತ್ತಿಹೋಯಿತು.